ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ನಿಮ್ಮ ಶಾಲೆಯ ಗೋಡೆಯಲ್ಲಿ ಪ್ರಪಂಚದ ಒಂದು ನಕ್ಷೆ ಇದ್ದೇ ಇರುತ್ತದೆ. ಅಂಚು ಹರಿದಿದ್ದರೂ ಅಡ್ಡಿಯಿಲ್ಲ. ಒಂದು ಉದ್ದದ ಅಳತೆಪಟ್ಟಿ ತಗೊಂಡು ಅದರ ಮುಂದೆ ನಿಂತುಕೊಳ್ಳಿ. ಪಟ್ಟಿಯ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಇಡಿ. ಇನ್ನೊಂದನ್ನು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಡಿ. ಈಗ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ (ನಕ್ಷೆಯ ಮೇಲೆ ಗೀಚಿದ್ದಕ್ಕೆ ಮಾಷ್ಟ್ರು ಬೈದರೆ ದಾರ ಹಿಡಿದರೂ ಸಾಕು).

ಗೆರೆ ಎಲ್ಲೆಲ್ಲಿ ಹೋಯಿತು? ಅರಬ್ಬಿ ಸಮುದ್ರ ದಾಟಿತು. ಯೆಮನ್, ಸುಡಾನ್, ಆಮೇಲೆ ಸಹಾರಾ ಮರುಭೂಮಿ. ಅಲ್ಲಿಂದ ಇಡೀ ಅಟ್ಲಾಂಟಿಕ್ ಸಾಗರ. ಕೊನೆಗೆ ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ. ನಾನು ಹೇಳುತ್ತಿರುವುದು ಮರ್ಕೇಟರ್ ಮಾದರಿಯ ನಕ್ಷೆಯ ದಾರಿ. ನಿಮ್ಮ ನಕ್ಷೆ ಬೇರೆ ಮಾದರಿಯದಾದರೆ ಗೆರೆ ಸ್ವಲ್ಪ ಆಚೀಚೆ ಆಗಬಹುದು, ಅಷ್ಟೆ. ಈ ಗೆರೆಯ ಮೇಲೆಯೇ ಒಂದು ವಿಮಾನ ಹಾರಿದರೆ ಅದು ಸುಮಾರು 20,000 ಕಿ.ಮೀ. ಹಾರಬೇಕಾಗುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾದ್ರೆ ಭೂಮಿಯ ಮೇಲಿನ ಯಾವುದೇ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಅದರ ಅರ್ಧಕ್ಕಿಂತ, ಅಂದರೆ 20,000 ಕಿ.ಮೀ.ಗಿಂತ ಹೆಚ್ಚಾಗೋಕೆ ಸಾಧ್ಯವೇ ಇಲ್ಲ. ಒಂದು ಕಡೆಯಿಂದ ಅದಕ್ಕಿಂತ ಹೆಚ್ಚಾದರೆ ಇನ್ನೊಂದು ಕಡೆಯಿಂದ ಕಡಿಮೆ ಆಗಲೇಬೇಕಲ್ಲ! ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಸರಿಯಾಗಿ ಎದುರುಬದುರು ಊರುಗಳೇನೂ ಅಲ್ಲ. ಆದರೂ ಅಳತೆಪಟ್ಟಿ ಮಾತ್ರ ಅವು ಇರಬಹುದಾದಷ್ಟು ದೂರದಲ್ಲಿವೆ ಅನ್ನುತ್ತಿದೆ.

ನಿಜವಾದ ಕನಿಷ್ಠ ದೂರ ಸುಮಾರು 13,990 ಕಿ.ಮೀ. ಅಳತೆಪಟ್ಟಿ ನಮಗೆ ಆರು ಸಾವಿರ ಕಿಲೋಮೀಟರಿನಷ್ಟು ಮೋಸ ಮಾಡಿತು.

ಮೊದಲನೆಯ ಮೋಸ ಸುಲಭದಲ್ಲಿ ಗೊತ್ತಾಗುವಂಥದ್ದು. ನಕ್ಷೆಗೆ ಎಡ ಅಂಚು, ಬಲ ಅಂಚು ಇದೆ. ಭೂಮಿಗೆ ಅಂಚೇ ಇಲ್ಲ. ಒಂದು ಸಣ್ಣ ನಕ್ಷೆಯನ್ನು ಕೊಳವೆಯ ಹಾಗೆ ಸುತ್ತಿ ಎರಡು ಅಂಚು ಸೇರಿಸಿ ನೋಡಿ. ಈಗ ಬೆಂಗಳೂರಿನಿಂದ ಪೂರ್ವಕ್ಕೆ ಹೊರಟು ಪೆಸಿಫಿಕ್ ಸಾಗರದ ಮೇಲಿಂದ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಬಹುದು. ಕೊಳವೆಯ ಮೇಲಿನ ಈ ಗೆರೆಯ ದೂರ ಸುಮಾರು 16,100 ಕಿ.ಮೀ. ನಾಲ್ಕು ಸಾವಿರ ಉಳಿಯಿತು. ಆದರೂ 13,990ಕ್ಕೆ ಬರಲಿಲ್ಲ. ಇನ್ನೂ ಎರಡು ಸಾವಿರ ಕಿ.ಮೀ. ಎಲ್ಲಿ ಅಡಗಿದೆ?

ಇದಕ್ಕೆ ಒಂದು ಚಕ್ಕೋತದ ಹಣ್ಣು ತನ್ನಿ. ಚಕ್ಕೋತ ಸಿಗದ ಕಡೆಯವರು ಮೋಸಂಬಿಯನ್ನೋ ಕಿತ್ತಳೆಯನ್ನೋ ತನ್ನಿ. ಸಿಪ್ಪೆ ಸುಲಿದಾಗ ತೊಳೆಗಳು ಕಾಣುತ್ತವೆ. ತೊಳೆಗಳ ನಡುವಿನ ಗೆರೆಗಳೇ ನಮ್ಮ ರೇಖಾಂಶಗಳು ಅಂದುಕೊಳ್ಳಿ. ಹಣ್ಣಿನ ನಡುವಿನಲ್ಲಿ ತೊಳೆ ಅಗಲ, ತೊಟ್ಟಿನ ಹತ್ತಿರ ಹೋದ ಹಾಗೆ ಕಿರಿದು, ತೊಟ್ಟಿನಲ್ಲಿ ಎಲ್ಲಾ ಗೆರೆಗಳೂ ಒಂದೇ ಚುಕ್ಕಿ. ಈ ತೊಟ್ಟೇ ಉತ್ತರ ಧ್ರುವ. ಒಂದು ಇರುವೆ ಈ ತೊಳೆಯಿಂದ ಆಚೆ ಮಗ್ಗುಲಿನ ತೊಳೆಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಹಣ್ಣಿನ ಸೊಂಟ ಸುತ್ತಿಕೊಂಡು ಹೋಗುವುದೋ, ತೊಟ್ಟಿನ ಹತ್ತಿರದಿಂದ ದಾಟುವುದೋ? ಇರುವೆಗೆ ಲೆಕ್ಕ ಬಾರದಿದ್ದರೂ ನಿಮಗೆ ಬರುತ್ತೆ.

ಚಪ್ಪಟೆ ನಕ್ಷೆ ಮಾಡುವವರು ಏನು ಮಾಡುತ್ತಾರೆ ಅಂದರೆ, ತೊಟ್ಟಿನ ಹತ್ತಿರ ಕಿರಿದಾಗಿರುವ ತೊಳೆಗಳನ್ನು ಎಳೆದು ಎಳೆದು ಸೊಂಟದಷ್ಟೇ ಅಗಲ ಮಾಡುತ್ತಾರೆ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಮಾಡಿದ ನಕ್ಷೆ ಹೀಗೆಯೇ. ಅವನು ಮೋಸ ಮಾಡಲು ಹೊರಟವನಲ್ಲ. ಹಡಗಿನವರಿಗೆ ದಿಕ್ಸೂಚಿ ಹಿಡಿದು ಒಂದೇ ದಿಕ್ಕಿನಲ್ಲಿ ಸಾಗಲು ಅನುಕೂಲ ಆಗಲಿ ಅಂತ ಬೇಕೆಂದೇ ಹಾಗೆ ಬರೆದ. ಆ ಕೆಲಸಕ್ಕೆ ಅದು ಇವತ್ತಿಗೂ ಒಳ್ಳೆಯ ನಕ್ಷೆ. ಆದರೆ 60 ಡಿಗ್ರಿ ಅಕ್ಷಾಂಶದ ವೃತ್ತ ನಿಜದಲ್ಲಿ ಭೂಮಧ್ಯರೇಖೆಯ ಅರ್ಧದಷ್ಟೇ ಉದ್ದ. ನಕ್ಷೆಯಲ್ಲಿ ಎರಡೂ ಸಮ. ಆದ್ದರಿಂದಲೇ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕ ಅದರ ಹದಿನಾಲ್ಕು ಪಟ್ಟು ಇದೆ.

ಹತ್ತಿರದ ಊರುಗಳಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ನಮ್ಮ ಕಾಸರಗೋಡು ಕಡೆಯ ಎಷ್ಟೋ ಮನೆಗಳಿಂದ ಯಾರಾದರೊಬ್ಬರು ಗಲ್ಫಿನಲ್ಲಿ ಇರುತ್ತಾರೆ. ಮಂಗಳೂರಿನಿಂದ ದುಬೈಗೆ ಕನಿಷ್ಠ ದೂರ ಸುಮಾರು 2,460 ಕಿ.ಮೀ. ನಕ್ಷೆಯ ನೇರ ಗೆರೆಯ ಮೇಲೆಯೇ ಹೋದರೂ ಹೆಚ್ಚಾಗುವುದು ಒಂದೆರಡು ಕಿ.ಮೀ. ಮಾತ್ರ. ಆದೋನಿಯಿಂದ ಬೆಂಗಳೂರಿಗೆ ಅಂತೂ ವ್ಯತ್ಯಾಸ ಏನೂ ಇಲ್ಲ ಅನ್ನಬಹುದು. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ದೂರ ಹೆಚ್ಚಿದ ಹಾಗೆ, ಉತ್ತರಕ್ಕೆ ಸರಿದ ಹಾಗೆ ಭೂಮಿಯ ದುಂಡುತನ ತನ್ನ ಪಾಲು ಕೇಳುತ್ತದೆ.

ಹಾಗಾದರೆ ದುಂಡು ಭೂಮಿಯ ಮೇಲೆ ನೇರ ದಾರಿ ಯಾವುದು? ಎರಡು ಊರು ಮತ್ತು ಭೂಮಿಯ ಕೇಂದ್ರ, ಈ ಮೂರೂ ಸೇರುವ ಹಾಗೆ ಭೂಮಿಯನ್ನು ಕತ್ತರಿಸಿದರೆ ಮೇಲ್ಮೈಯಲ್ಲಿ ಒಂದು ವೃತ್ತ ಮೂಡುತ್ತದೆ. ಅದಕ್ಕೆ ಮಹಾವೃತ್ತ ಅಂತ ಹೆಸರು. ಭೂಮಿಯ ಮೇಲೆ ಅದಕ್ಕಿಂತ ದೊಡ್ಡ ವೃತ್ತ ಬರೆಯಲಾಗದು. ದೊಡ್ಡ ವೃತ್ತ ಅಂದರೆ ಕಡಿಮೆ ಬಾಗು. ಕಡಿಮೆ ಬಾಗು ಅಂದರೆ ಕಡಿಮೆ ದೂರ. ಅದರ ಮೇಲಿನ ಚಿಕ್ಕ ಕಂಸವೇ ನಮಗೆ ಬೇಕಾದ ದಾರಿ.

ಕತ್ತರಿಸುವುದು ಬೇಡ, ದಾರ ಸಾಕು. ಶಾಲೆಯಲ್ಲಿ ಭೂಗೋಳ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವಾಲಿಬಾಲ್ ತನ್ನಿ. ಅದರ ಸುತ್ತ ಭೂಮಧ್ಯರೇಖೆ ಬರೆದು, ಅಕ್ಷಾಂಶ ರೇಖಾಂಶ ನೋಡಿ ಎರಡು ಊರುಗಳನ್ನು ಗುರುತಿಸಿ. ಬೆಂಗಳೂರು ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಎರಡು ಗುರುತುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ, ಧ್ರುವದ ಕಡೆಗೆ ಜಾರುತ್ತದೆ. ಅದು ನಿಂತ ಜಾಗವೇ ಮಹಾವೃತ್ತ. ವಾಲಿಬಾಲಿನ ಸುತ್ತಳತೆ 66 ಸೆಂ.ಮೀ. ಇದ್ದರೆ ಒಂದು ಸೆಂ.ಮೀ.ಗೆ ಸುಮಾರು 606 ಕಿ.ಮೀ. ಆಯಿತು. ನಿಮ್ಮ ದಾರ 23 ಸೆಂ.ಮೀ. ಆಸುಪಾಸು ಬರಬೇಕು. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಬೇಜಾರು ಬೇಡ, ಚೆಂಡಿನ ಮೇಲೆ ಊರು ಗುರುತಿಸುವುದು ಕಷ್ಟದ ಕೆಲಸವೇ.

ಹತ್ತನೇ ತರಗತಿಯವರಿಗೆ ತ್ರಿಕೋನಮಿತಿ ಬಂದಿರುತ್ತದಲ್ಲ, ಅವರು ಲೆಕ್ಕದಿಂದಲೂ ತೆಗೆಯಬಹುದು. ಎರಡು ಊರುಗಳ ರೇಖಾಂಶಗಳ ಅಂತರ 77.7 + 122.4 = 200.1 ಡಿಗ್ರಿ. ಇದು ಪಶ್ಚಿಮದ ಕಡೆಯಿಂದ. ಪೂರ್ವದ ಕಡೆಯಿಂದ 360ರಲ್ಲಿ ಅದನ್ನು ಕಳೆದರೆ 159.9 ಡಿಗ್ರಿ. ಭೂಮಿಯ ಕೇಂದ್ರದಿಂದ ಎರಡೂ ಊರುಗಳಿಗೆ ಗೆರೆ ಎಳೆದರೆ ಅವುಗಳ ನಡುವೆ ಬರುವ ಕೋನ ಎಷ್ಟು ಅಂತ ಈ ಸೂತ್ರ ಹೇಳುತ್ತದೆ:

ಕೊಸೈನ್ (ಕೋನ) = ಸೈನ್ 13.2° × ಸೈನ್ 37.6° + ಕೊಸೈನ್ 13.2° × ಕೊಸೈನ್ 37.6° × ಕೊಸೈನ್ 159.9°

ಕೊಸೈನ್ 159.9° ಅನ್ನುವುದು ಋಣ ಸಂಖ್ಯೆ, –0.939. ನಿಮ್ಮ ಪುಸ್ತಕದಲ್ಲಿ 90 ಡಿಗ್ರಿವರೆಗೆ ಮಾತ್ರ ಇರಬಹುದು, ಸದ್ಯಕ್ಕೆ ನನ್ನ ಮಾತು ನಂಬಿ. ಗುಣಿಸಿ ಕೂಡಿಸಿದರೆ 0.139 – 0.724, ಅಂದರೆ –0.585. ಇದಕ್ಕೆ ಹೊಂದುವ ಕೋನ 125.8 ಡಿಗ್ರಿ. ಇಡೀ ಸುತ್ತು 360 ಡಿಗ್ರಿಗೆ 40,030 ಕಿ.ಮೀ. ಆದರೆ 125.8 ಡಿಗ್ರಿಗೆ? ಸುಮಾರು 13,990. ದಾರವೂ ಲೆಕ್ಕವೂ ಒಂದೇ ಉತ್ತರ ಕೊಟ್ಟವು. ವಿಮಾನ ನಿಲ್ದಾಣಗಳ ನಡುವಿನ ದೂರ ಅಂತ ಪುಸ್ತಕಗಳಲ್ಲಿ ಕೊಡುವುದು ಸಾಮಾನ್ಯವಾಗಿ ಈ ಸಂಖ್ಯೆಯನ್ನೇ.

ಆದರೆ ವಿಮಾನ ಈ ದಾರದ ಮೇಲೆಯೇ ಹಾರುತ್ತದಾ?

ದಾರದ ಕೆಳಗೆ ಏನೇನಿದೆ ನೋಡೋಣ. ಬೆಂಗಳೂರಿನಿಂದ ಈಶಾನ್ಯದ ಕಡೆಗೆ ಹೊರಟು ಮಧ್ಯ ಭಾರತ, ನೇಪಾಳ, ಹಿಮಾಲಯ, ಟಿಬೆಟ್. ಮುಂದೆ ಮಂಗೋಲಿಯಾ ಮತ್ತು ಸೈಬೀರಿಯಾ. ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲ್ಲಿಂದ ಅಲಾಸ್ಕಾ ದಾಟಿ, ಪೆಸಿಫಿಕ್ ಕರಾವಳಿಯ ಗುಂಟ ಕೆಳಗಿಳಿಯುತ್ತದೆ. ಓದಲು ಚೆಂದ. ಪೈಲಟ್‌ಗೆ ಮಾತ್ರ ಮೊದಲ ತೊಡಕು ಟಿಬೆಟ್‌ನಲ್ಲೇ.

ವಿಮಾನ ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಮನುಷ್ಯ ಉಸಿರಾಡುವಷ್ಟು ಗಾಳಿ ಇಲ್ಲ. ಅದಕ್ಕೇ ಒಳಗೆ ಗಾಳಿಯ ಒತ್ತಡ ಹೆಚ್ಚಿಸಿ ಇಟ್ಟಿರುತ್ತಾರೆ. ಏನಾದರೂ ಕೆಟ್ಟು ಆ ಒತ್ತಡ ಹೊರಟುಹೋದರೆ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಬೀಳುತ್ತವೆ. ಅವು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಕ್ಕೆ ಸಾಕು. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಸಬೇಕು. ಸಮುದ್ರದ ಮೇಲೆ, ಬಯಲಿನ ಮೇಲೆ ಇದು ಆಗುವ ಕೆಲಸ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿದೆ! ಇಳಿಯುವುದೆಲ್ಲಿಗೆ? ಅದಕ್ಕಾಗಿ ವಿಮಾನಗಳು ಆ ಪ್ರದೇಶವನ್ನು ಆದಷ್ಟು ಬಳಸಿಕೊಂಡೇ ಹೋಗುತ್ತವೆ.

ಎರಡನೆಯದು ಗಾಳಿ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಬಿರುಗಾಳಿ ಇದೆ. ಇದನ್ನು ಜೆಟ್ ಪ್ರವಾಹ ಅನ್ನುತ್ತಾರೆ. ಗಂಟೆಗೆ 150 ಕಿ.ಮೀ. ಅದಕ್ಕೆ ಮಾಮೂಲು, ಚಳಿಗಾಲದಲ್ಲಿ 300 ದಾಟುವುದೂ ಉಂಟು. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 150ರ ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಲೆಕ್ಕದಲ್ಲಿ ವೇಗ 1,050. ಎದುರಿನಿಂದ ಬೀಸಿದರೆ 750. 14,000 ಕಿ.ಮೀ.ಗೆ ಮೊದಲನೆಯದರಲ್ಲಿ ಹದಿಮೂರು ಗಂಟೆ ಚಿಲ್ಲರೆ, ಎರಡನೆಯದರಲ್ಲಿ ಹದಿನೆಂಟೂವರೆ ಗಂಟೆಗೂ ಹೆಚ್ಚು. ಐದು ಗಂಟೆಯ ವ್ಯತ್ಯಾಸ ಅಂದರೆ ಐದು ಗಂಟೆಯ ಇಂಧನ.

ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲು ಅಟ್ಲಾಂಟಿಕ್ ಕಡೆಯಿಂದ ಹಾರುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ದಾರಿ ಬದಲಿಸಿ ಪೆಸಿಫಿಕ್ ಕಡೆಯಿಂದ ಹಾರಿಸಿದರು, ಸುಮಾರು 15,300 ಕಿ.ಮೀ. ದೂರ 1,400 ಕಿ.ಮೀ. ಹೆಚ್ಚಾಯಿತು. ಆದರೆ ವಿಮಾನ ಮೊದಲಿಗಿಂತ ಬೇಗ, ಸುಮಾರು ಹದಿನಾಲ್ಕೂವರೆ ಗಂಟೆಯಲ್ಲೇ ಮುಟ್ಟಿತು. ಗಾಳಿ ಬೆನ್ನಿಗಿತ್ತು. ವಾಪಸು ಬರುವಾಗ ಅದೇ ಗಾಳಿ ಎದುರಾಗುತ್ತದಲ್ಲ, ಹಾಗಾಗಿ ಆಗ ಬರುತ್ತಿದ್ದದ್ದು ಅಟ್ಲಾಂಟಿಕ್ ಕಡೆಯಿಂದಲೇ. ಹೋಗಿ ಬಂದರೆ ಭೂಮಿಗೆ ಒಂದು ಸುತ್ತು!

ಇಲ್ಲಿಗೆ ಬಂದಾಗ ಪ್ರತಿ ವರ್ಷ ತರಗತಿಯಲ್ಲಿ ಒಬ್ಬರಾದರೂ ಕೈ ಎತ್ತುತ್ತಾರೆ. "ಮಾಷ್ಟ್ರೇ, ಭೂಮಿ ತಿರುಗ್ತದಲ್ಲಾ, ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತ್ರೆ ಅಮೆರಿಕವೇ ಕೆಳಗೆ ಬರುದಿಲ್ವಾ?" ಒಳ್ಳೆಯ ಪ್ರಶ್ನೆ, ನಗಬೇಡಿ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದರೆ ಅದರ ಮೇಲಿನ ಗಾಳಿಯೂ, ವಿಮಾನವೂ, ನಾವೂ ಅದರ ಜೊತೆಯಲ್ಲೇ ತಿರುಗುತ್ತಿದ್ದೇವೆ. ಓಡುವ ಬಸ್ಸಿನೊಳಗೆ ಒಂದು ನೊಣ ಹಾರುತ್ತಿದ್ದರೆ ಅದು ಹಿಂದಿನ ಗಾಜಿಗೆ ಬಡಿಯುವುದಿಲ್ಲವಲ್ಲ, ಹಾಗೆ.

ಮೂರನೆಯದು, ದಾರಿಯಲ್ಲಿ ಕೆಟ್ಟರೆ ಇಳಿಯಲು ಜಾಗ. ದೊಡ್ಡ ವಿಮಾನಗಳಿಗೆ ಈಗ ಎರಡೇ ಎಂಜಿನ್. ಒಂದು ನಿಂತರೆ ಇನ್ನೊಂದರಲ್ಲಿ ಹಾರಬಹುದು. ಆದರೆ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವ ಹಾಗೆ ದಾರಿ ಹಾಕಬೇಕು ಅಂತ ನಿಯಮ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿ ಅದು ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಊರು ಸಣ್ಣದು, ಅಷ್ಟು ಜನರಿಗೆ ಹೋಟೆಲ್ ಇಲ್ಲ, ತಾತ್ಕಾಲಿಕ ವಸತಿಯಲ್ಲಿ ಇರಿಸಬೇಕಾಯಿತು. ಇನ್ನೊಂದು ವಿಮಾನ ಬಂದು ಜೂನ್ 8ರಂದು ಕರಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಗೋಡೆಯ ನಕ್ಷೆಯಲ್ಲಿ ಮಗದಾನ್ ಹುಡುಕಿ ನೋಡಿ. ದೆಹಲಿ, ಅಮೆರಿಕ ಎರಡಕ್ಕೂ ಸಂಬಂಧವೇ ಇಲ್ಲದ ಮೂಲೆಯಲ್ಲಿದೆ ಅನ್ನಿಸುತ್ತದೆ. ಅದೇ ದಾರ ಬಿಗಿದ ಭೂಗೋಳದಲ್ಲಿ ನೋಡಿದರೆ, ಇಳಿಯಲು ಅಲ್ಲಿಗೇ ಯಾಕೆ ಹೋದರು ಅಂತ ಗೊತ್ತಾಗುತ್ತದೆ.

ಈಗ ಬೆಂಗಳೂರಿನ ವಿಮಾನಕ್ಕೆ ಬರೋಣ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಒಂದು ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ಈ ಎರಡು ಊರುಗಳ ನಡುವೆ ಅದು ಮೊದಲ ನೇರ ಹಾರಾಟ. ಕಾಕ್‌ಪಿಟ್‌ನಲ್ಲಿದ್ದ ಪೈಲಟ್‌ಗಳೆಲ್ಲ ಹೆಂಗಸರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳುತನ. ಅವರು ಆರಿಸಿಕೊಂಡ ದಾರಿ ಉತ್ತರ ಧ್ರುವದ ಮೇಲಿನದು. ಪತ್ರಿಕೆಗಳಲ್ಲಿ ಆಗ ಎರಡು ಅಂಕಿ ಬಂದವು. ಕೆಲವರು ಸುಮಾರು 14,000 ಕಿ.ಮೀ. ಅಂತ ಬರೆದರು, ಕೆಲವರು ಸುಮಾರು 16,000 ಅಂತ. ಇಷ್ಟು ಓದಿದ ಮೇಲೆ ನಿಮಗೆ ಗೊಂದಲ ಆಗಬಾರದು. ಒಂದು ದಾರ ಕೊಡುವ ಉತ್ತರ, ಇನ್ನೊಂದು ಬಳಸಿಕೊಂಡು ಹಾರುವ ದಾರಿಯ ಉತ್ತರ.

ಧ್ರುವದ ಮೇಲಿನ ದಾರಿಯ ಲೆಕ್ಕ ಬಹಳ ಸುಲಭ, ಏಳನೇ ತರಗತಿಯವರೂ ಮಾಡಬಹುದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 90 – 37.6 = 52.4 ಡಿಗ್ರಿ. ಧ್ರುವದಿಂದ ಬೆಂಗಳೂರಿಗೆ 90 – 13.2 = 76.8 ಡಿಗ್ರಿ. ಕೂಡಿಸಿದರೆ 129.2 ಡಿಗ್ರಿ. ಡಿಗ್ರಿಗೆ ಸುಮಾರು 111 ಕಿ.ಮೀ. ಮೇಲೆ ಸ್ವಲ್ಪ. ಹಾಗಾಗಿ ಸುಮಾರು 14,360 ಕಿ.ಮೀ. ಮಹಾವೃತ್ತಕ್ಕಿಂತ 370 ಕಿ.ಮೀ. ಮಾತ್ರ ಹೆಚ್ಚು. ಪ್ರತಿಯಾಗಿ ಪಶ್ಚಿಮದಿಂದ ಬೀಸುವ ಆ ಎದುರು ಗಾಳಿಯ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ವಿಮಾನ ಸುಮಾರು ಹದಿನೇಳು ಗಂಟೆಯಲ್ಲಿ ಬೆಂಗಳೂರು ಮುಟ್ಟಿತು.

ಆದರೆ ಧ್ರುವಕ್ಕೆ ಅದರದೇ ತೊಂದರೆಗಳಿವೆ. ಅಲ್ಲಿ ಮೇಲಿನ ಗಾಳಿಯ ಉಷ್ಣತೆ ಸೊನ್ನೆಗಿಂತ 60–70 ಡಿಗ್ರಿ ಕೆಳಗೆ ಹೋಗಬಹುದು. ವಿಮಾನದ ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಿಂದ ಬೀಳದೇ ಹೋಗುತ್ತದಲ್ಲ, ಹಾಗೆ. ಪೈಲಟ್‌ಗಳು ಇಂಧನದ ಉಷ್ಣತೆ ನೋಡುತ್ತಲೇ ಇರಬೇಕು. ತೀರಾ ತಣ್ಣಗಾದರೆ ಕೆಳಗೆ, ಬಿಸಿ ಹೆಚ್ಚಿರುವ ಗಾಳಿಗೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಕಾಂತದ ದಿಕ್ಸೂಚಿ ಅಲ್ಲಿ ನಂಬುವ ಹಾಗಿಲ್ಲ. ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದ ದಿನ ರೇಡಿಯೋ ಕೂಡ ಕೈಕೊಡಬಹುದು.

ಇನ್ನೊಂದು ತಮಾಷೆ. ವಿಮಾನ 122.4 ಡಿಗ್ರಿ ಪಶ್ಚಿಮ ರೇಖೆಯ ಮೇಲೆ ನೇರ ಉತ್ತರಕ್ಕೆ ಹಾರುತ್ತಿದೆ ಅಂತಿಟ್ಟುಕೊಳ್ಳಿ. ಧ್ರುವ ದಾಟಿದ ಕ್ಷಣಕ್ಕೆ, ಚುಕ್ಕಾಣಿ ಮುಟ್ಟದೆಯೇ, ಅದು ದಕ್ಷಿಣಕ್ಕೆ ಹಾರುತ್ತಿರುತ್ತದೆ! ಆದರೆ ಅದು ಸೇರುವುದು 57.6 ಡಿಗ್ರಿ ಪೂರ್ವದ ರೇಖೆಯನ್ನು. ಬೆಂಗಳೂರಿನ ರೇಖೆ 77.7. ಆದ್ದರಿಂದ ಧ್ರುವದಲ್ಲಿ ಎಡಕ್ಕೆ ಸುಮಾರು 20 ಡಿಗ್ರಿ ತಿರುಗಬೇಕು. ಈ ಮೂಲೆಯನ್ನು ಕತ್ತರಿಸಿ ಒಳದಾರಿ ಹಿಡಿಯುವುದರಿಂದಲೇ ಮಹಾವೃತ್ತದ ದೂರ 370 ಕಿ.ಮೀ. ಕಡಿಮೆ.

ಈ ತಿಂಗಳ ಲೆಕ್ಕಗಳು ಎರಡು. ಒಂದು: ಆ ವಿಮಾನ ಜನವರಿ 9ರ ರಾತ್ರಿ ಎಂಟೂವರೆ ಗಂಟೆಗೆ ಹೊರಟದ್ದು, ಇಳಿದದ್ದು ಜನವರಿ 11ರ ನಸುಕಿನಲ್ಲಿ. ಹಾರಿದ್ದು ಹದಿನೇಳೇ ಗಂಟೆ. ಹಾಗಾದರೆ ಜನವರಿ 10 ಎಲ್ಲಿ ಹೋಯಿತು? ಆ ತಿಂಗಳಲ್ಲಿ ಬೆಂಗಳೂರಿನ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಇಷ್ಟು ಸುಳಿವು ಸಾಕು. ಎರಡು: ನಿಮ್ಮ ಊರಿನಿಂದ ಭೂಮಿಯ ಕೇಂದ್ರದ ಮೂಲಕ ಒಂದು ಬಾವಿ ಕೊರೆದರೆ ಆಚೆ ಎಲ್ಲಿ ಹೊರಬರುತ್ತೀರಿ? ಜತ್ತ, ಅಕ್ಕಲಕೋಟೆ, ತಾಳವಾಡಿ, ರಾಯದುರ್ಗ, ಕಾಸರಗೋಡು, ಯಾವ ಊರಿನವರಾದರೂ ಸರಿ, ನಿಮ್ಮ ಅಕ್ಷಾಂಶ ರೇಖಾಂಶ ತೆಗೆದುಕೊಂಡು ಹುಡುಕಿ. ಈಜು ಬರುವವರು ಗೆದ್ದರು ಅಂತ ಮಾತ್ರ ಈಗ ಹೇಳುತ್ತೇನೆ.